ಎರಡು ಚಿಪ್ಪು ಬೂದಿ

ಸರಕ್, ಸರಕ್. ತಗಡಿನ ಡಬ್ಬದೊಳಗಿಂದ ತೆಂಗಿನ ಚಿಪ್ಪಿನಲ್ಲಿ ಬೂದಿಯನ್ನು ಕೆರೆದು ತೆಗೆಯುವ ಸದ್ದು. ಸೇಲಂ ಜಿಲ್ಲೆಯ ಮೇಚೇರಿಯ ಆಚೆಗಿದ್ದ ನಮ್ಮ ಕಾಟೇಜನ್ನು ನೆನೆದರೆ ಇವತ್ತಿಗೂ ನನಗೆ ಮೊದಲು ಕೇಳಿಸುವುದು ಇದೇ. ಎರಡು ಸಲ ಕೇಳಿಸಿದರೆ ಸರಿ. ಒಂದೇ ಸಲ ಕೇಳಿಸಿ ನಿಂತುಹೋದರೆ ಬೇವಿನ ಮರದ ಬುಡದಿಂದ ನಮ್ಮ ಕೆಲಸದಾಕೆಯ ಗಂಟಲು ಏಳುತ್ತಿತ್ತು.

"ಇನ್ನೊಂದ್ ಚಿಪ್ಪು ಆಕ್ರೀ! ಒಂದೇ ಆಕಿ ಎದ್ದು ಬರ್ತೀರಲ್ಲ!"

ಟಾಯ್ಲೆಟ್ಟಿನೊಳಗೆ ಇದ್ದವರು ಯಾರೇ ಆಗಲಿ, ಆಕೆಗೆ ಅದೆಲ್ಲ ಇಲ್ಲ. ನನ್ನ ಜೊತೆ ಪಾಠ ಹೇಳಿ ಹೆಡ್‌ಮಿಸ್ಟ್ರೆಸ್ ಆಗಿ ರಿಟೈರಾದ ಗೆಳತಿಯೊಬ್ಬಳು, ಗಂಜಿ ಹಾಕಿದ ಕಾಟನ್ ಸೀರೆ ಬಿಟ್ಟು ಬೇರೆ ಉಡದವಳು, ಹಾಗೆ ಕೂಗಿಸಿಕೊಂಡು ಮತ್ತೆ ಒಳಗೆ ಹೋಗಿ ಎರಡನೆಯ ಚಿಪ್ಪು ಹಾಕಿ ಬಂದಳು. "ಮೈ ಗಾಡ್, ಇವಳು ಕಿವಿಯಲ್ಲೇ ಕಾವಲು ಕಾಯ್ತಾಳಲ್ಲೇ!" ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ನಾನು ಓದಿದ್ದು ಯರ್ಕಾಡಿನ ಕಾನ್ವೆಂಟಿನಲ್ಲಿ. ಅಲ್ಲಿ ಅದಕ್ಕೆ ಹೋಗಬೇಕೆಂದರೆ ಕಿರುಬೆರಳೆತ್ತಿ, ಪಿಸುಮಾತಿನಲ್ಲಿ, "ಮೇ ಐ ಬಿ ಎಕ್ಸ್‌ಕ್ಯೂಸ್ಡ್, ಸಿಸ್ಟರ್" ಅನ್ನಬೇಕಿತ್ತು. ಆ ವಿಷಯವನ್ನು ಮೂರು ಹೊಲಕ್ಕೆ ಕೇಳುವಂತೆ ಕೂಗಬಹುದೆಂದು ನನಗೆ ತೋರಿಸಿದವಳು ಈಕೆ.

ಹೋದ ತಿಂಗಳು ಆಕೆ ತೀರಿಕೊಂಡ ಸುದ್ದಿ ಬಂತು. ಹೆಸರು ಬರೆಯಲಾರೆ. ಆಕೆಯ ಮನೆಯವರು ಇನ್ನೂ ಅಲ್ಲೇ ಇದ್ದಾರೆ, ನಾನು ಹೇಳಹೊರಟಿರುವುದು ಆಕೆ ಹನ್ನೊಂದು ವರ್ಷ ಮುಚ್ಚಿಟ್ಟುಕೊಂಡು ಬಂದ ಕೆಲಸದ ಸಂಗತಿ.

ನಮ್ಮ ಮನೆಯ ಮಾತು ಕನ್ನಡ, ಬೀದಿಯ ಮಾತು ತಮಿಳು, ಶಾಲೆಯ ಮಾತು ಇಂಗ್ಲಿಷು. ಸೇಲಂನಲ್ಲಿ ಹುಟ್ಟಿ ಬೆಳೆದವರ ಪಾಡು ಹೀಗೆ. ನನ್ನ ಯಜಮಾನರು ರಿಟೈರಾದ ಮೇಲೆ ಮೇಚೇರಿಯಿಂದ ಮೆಟ್ಟೂರಿನ ಕಡೆಗೆ ಒಂದು ಕಲ್ಲುದಿಬ್ಬ ಕೊಂಡರು. ದೂರದಲ್ಲಿ ಡ್ಯಾಮಿನ ನೀರು ಹೊಳೆಯುತ್ತದೆ, ವ್ಯೂ ಬ್ಯೂಟಿಫುಲ್ ಅಂತ. ಆದರೆ ದಿಬ್ಬದಲ್ಲಿ ಕೊಳವೆಬಾವಿ ಎರಡು ಸಲ ಕೊರೆದರೂ ಪುಡಿಯೇ ಬಂತು. ಎರಡು ರೂಮಿನ ರಜೆಯ ಮನೆಗೆ ಟ್ಯಾಂಕರ್ ನೀರು ಕುಡಿಯಲು, ಮೀಯಲು ಸಾಕು. ಟಾಯ್ಲೆಟ್ಟಿಗೆ ಸುರಿಯಲು ಸಾಲದು. ಹಾಗಾಗಿ ಎಂಜಿನಿಯರ್ ಗೆಳೆಯರೊಬ್ಬರು ನೀರು ಬೇಡದ ಕಾಂಪೋಸ್ಟ್ ಟಾಯ್ಲೆಟ್ ಕಟ್ಟಿಸಿದರು. ಎರಡು ಸೀಟು, ಕೆಳಗೆ ಎರಡು ಗೂಡು. ಒಂದು ವರ್ಷ ಒಂದನ್ನು ಬಳಸಿ ಮುಚ್ಚಿಡುವುದು, ಮುಂದಿನ ವರ್ಷ ಇನ್ನೊಂದು. ಮುಚ್ಚಿದ್ದು ಅಷ್ಟರಲ್ಲಿ ಗೊಬ್ಬರವಾಗಿರುತ್ತದೆ. ಹೋದಾಗಲೆಲ್ಲ ಎರಡು ಚಿಪ್ಪು ಬೂದಿ ಹಾಕಬೇಕು, ತೊಳೆಯುವುದಕ್ಕೆ ಪಕ್ಕದಲ್ಲೇ ಬೇರೆ ಕಲ್ಲು, ಸೀಟಿನೊಳಗೆ ತೊಟ್ಟು ನೀರೂ ಬೀಳಬಾರದು. ರೂಲ್ಸನ್ನೆಲ್ಲ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ, ಲ್ಯಾಮಿನೇಟ್ ಮಾಡಿಸಿ ಬಾಗಿಲಿಗೆ ತೂಗುಹಾಕಿದ್ದೆ.

ಆಕೆಗೆ ಓದು ಬರುತ್ತಿರಲಿಲ್ಲ. ಕಾಟೇಜಿನ ಗುಡಿಸುವ ಒರೆಸುವ ಕೆಲಸಕ್ಕೆಂದು ಬಂದವಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ದಿಬ್ಬದ ಕೆಳಗಿನ ಕನ್ನಡದ ಕುರಿಯವರ ಮನೆ. ಗಂಡ ಕುರಿಯ ಹಿಂದೆ ಹೋದರೆ ತಿಂಗಳುಗಟ್ಟಲೆ ಇಲ್ಲ. ಮೊದಲ ದಿನವೇ ನನ್ನ ಲ್ಯಾಮಿನೇಟ್ ಹಾಳೆಯನ್ನು ತಿರುವಿ ಮುರುವಿ ನೋಡಿ, "ಇದ್ರಲ್ಲಿ ಏನ್ ಬರ್ದವ್ರೆ ಟೀಚರಮ್ಮಾ?" ಎಂದು ಕೇಳಿದಳು. ಓದಿ ಹೇಳಿದೆ. "ಇಷ್ಟೇನಾ? ಇದು ನಮ್ ಕುರಿ ಪಟ್ಟಿ ವೇಲೆನೇ ಅಲ್ವಾ?" ಎಂದಳು.

ಪಟ್ಟಿ ಎಂದರೆ ಕುರಿದೊಡ್ಡಿ, ವೇಲೆ ಎಂದರೆ ತಮಿಳಿನಲ್ಲಿ ಕೆಲಸ. ಆ ಕಡೆ ರೈತರು ಬಿತ್ತನೆಗೆ ಮುಂಚೆ ಹೊಲದಲ್ಲಿ ಕುರಿಮಂದೆ ಕೂಡಿಸಿಕೊಳ್ಳುತ್ತಾರೆ. ಮಂದೆ ಬಿಟ್ಟು ಹೋದ ಹಿಕ್ಕೆಯೇ ಗೊಬ್ಬರ. ಗೊಬ್ಬರದ ವಿಷಯದಲ್ಲಿ ಕುರಿಯವರಿಗೆ ಒಂದು ಜಂಬವಿತ್ತು. ಆಕೆಯ ಭಾವ, ಅಂದರೆ ಗಂಡನ ಅಣ್ಣ, ಆ ಮನೆತನಕ್ಕೇ ಹಿರಿಯ. ಒಂದು ಹಿಡಿ ಗೊಬ್ಬರ ತೆಗೆದು ಹೆಬ್ಬೆರಳಲ್ಲಿ ಉಜ್ಜಿ, ಮೂಗಿಗೆ ಹಿಡಿದು, ಯಾರ ಮಂದೆಯದು, ಎಷ್ಟು ಮಳೆ ಕಂಡಿದೆ ಎಂದು ಹೇಳುತ್ತಿದ್ದ. ಸುಳ್ಳಾದದ್ದಿಲ್ಲವಂತೆ. ಆಕೆಯ ಕೈಯೂ ಅಂಥದ್ದೇ, ಆದರೆ ಹೆಂಗಸಿನ ಕೈಯನ್ನು ಯಾರು ಹೊಗಳುತ್ತಾರೆ? ಬೂದಿಗೆ ಬೆರೆಸಲು ಎಂಜಿನಿಯರ್ ಹೇಳಿದ್ದ ಮರದ ಹೊಟ್ಟಿನ ಜೊತೆಗೆ ಆಕೆ ಕುರಿಹಿಕ್ಕೆಯ ಪುಡಿ, ಬೇವಿನೆಲೆ ಬೆರೆಸಿದಳು. "ಒಣಗಿದ್ರೆ ಮಲಗಿಬಿಡ್ತದೆ, ತ್ಯಾವ ಜಾಸ್ತಿ ಆದ್ರೆ ನಾರ್ತದೆ. ಅದೂ ಉಸಿರಾಡ್ಬೇಕಲ್ಲ" ಅನ್ನುತ್ತಿದ್ದಳು, ಕೂಸಿನ ಮಾತಾಡಿದ ಹಾಗೆ.

ಮೊದಲನೆಯ ಗೂಡು ಬಿಚ್ಚುವ ಕಾಲ ಬಂದಾಗ ಎಂಜಿನಿಯರ್ ಕಳಿಸುತ್ತೇನೆಂದ ಆಳು ಬರಲೇ ಇಲ್ಲ. ನಾನು ಫೋನ್ ಮೇಲೆ ಫೋನ್ ಮಾಡುತ್ತಿದ್ದೆ. ಒಂದು ಮುಂಜಾನೆ ಎದ್ದು ಹಿತ್ತಿಲಿಗೆ ಹೋದರೆ ಗೂಡಿನ ಬಾಗಿಲು ತೆರೆದಿತ್ತು. ಆಕೆ ಮಂಡಿಯೂರಿ ಕೂತಿದ್ದಳು. ಅಂಗೈ ತುಂಬ ಕಪ್ಪಗೆ, ಕಾಫಿಪುಡಿಯಂಥದ್ದು.

"ಟೀಚರಮ್ಮಾ, ಇದು ಮಣ್ಣು" ಎಂದು ನಕ್ಕಳು. "ಮೂಸಿ ನೋಡಿ ಬೇಕಾರೆ."

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಆಕೆ ಅದನ್ನು ಕಂಡಳು. ನಗು ನಿಂತಿತು. ಆಮೇಲೆ ದಿಬ್ಬದ ಕೆಳಗೆ ತಮ್ಮ ಮನೆಗಳ ಕಡೆ ನೋಡಿ, ಗಂಟಲು ತಗ್ಗಿಸಿ ಹೇಳಿದಳು:

"ನಾನು ತೆಗ್ದೆ ಅಂತ ಯಾರ್ಗೂ ಏಳ್ಬ್ಯಾಡಿ. ಸೇಲಂನಿಂದ ಆಳು ಬರ್ತಾನೆ ಅನ್ನಿ. ಗೊತ್ತಾದ್ರೆ ನನ್ ಮಡಕೆ ಓಯ್ತದೆ."

ಮಡಕೆಯ ಸಂಗತಿ ನನಗೆ ಆಮೇಲೆ ತಿಳಿಯಿತು. ವರ್ಷಕ್ಕೊಮ್ಮೆ, ತಮಿಳರ ಮಾಸಿ ತಿಂಗಳಲ್ಲಿ, ಅಂದರೆ ಶಿವರಾತ್ರಿಯ ಆಸುಪಾಸಿನಲ್ಲಿ, ಆ ಮನೆತನದವರೆಲ್ಲ ಹೊಲದಂಚಿನ ಕಲ್ಲುಗುಡಿಯ ಹತ್ತಿರ ಸೇರಿ ಮನೆದೇವರಿಗೆ ಪೊಂಗಲ್ ಇಡುತ್ತಾರೆ. ಹಿರಿಯ ತನ್ನ ಕೈಯಿಂದ ಕುರಿಯ ಹಾಲು ಕರೆದು ಕೊಡಬೇಕು, ಆ ಹಾಲಿನ ಮೊದಲ ಮಡಕೆಯನ್ನು ಮನೆತನದ ಹಿರಿಯ ಮುತ್ತೈದೆ ಒಲೆಗೆ ಏರಿಸಬೇಕು. ಭಾವನ ಹೆಂಡತಿ ತೀರಿಕೊಂಡ ಮೇಲೆ ಆ ಮಡಕೆ ಈಕೆಯ ಪಾಲಿಗೆ ಬಂದಿತ್ತು. ಓದಿಲ್ಲ, ಹೊಲವಿಲ್ಲ, ಗಂಡು ಮಕ್ಕಳಿಲ್ಲ. ವರ್ಷದಲ್ಲಿ ಅದೊಂದು ದಿನ ಎಲ್ಲರೂ ಆಕೆಯ ಕೈಯನ್ನೇ ನೋಡುತ್ತಿದ್ದರು. ಮನುಷ್ಯರ ಹೇಲು ಬಾಚಿದ ಕೈ ಎಂದು ಗೊತ್ತಾದರೆ ಆ ಕೈಯಿಂದ ಯಾರು ಉಣ್ಣುತ್ತಾರೆ?

ಅದು ಗೊತ್ತಾದ ಮೇಲೂ ನಾನು ಬೇಡ ಅನ್ನಲಿಲ್ಲ. 'ವರ್ಷವಾದ ಮೇಲೆ ಅದು ಟೆಕ್ನಿಕಲಿ ಸಾಯಿಲ್ ತಾನೆ' ಎಂದು ನನಗೆ ನಾನೇ ಹೇಳಿಕೊಂಡೆ. ಯಜಮಾನರು ಹೋದ ಮೇಲೆ ನಾನು ವರ್ಷಕ್ಕೆ ಐದಾರು ತಿಂಗಳು ಅಲ್ಲೇ ಇರುತ್ತಿದ್ದೆ. ಪ್ರತಿ ವರ್ಷ ಒಂದು ದಿನ, ಕೋಳಿ ಕೂಗುವ ಹೊತ್ತಿಗೆ, ಗುದ್ದಲಿ ನೆಲಕ್ಕೆ ತಾಗದ ಹಾಗೆ ಆಕೆ ಕೆಲಸ ಮಾಡುತ್ತಿದ್ದಳು. ನಾನು ವರಾಂಡದಲ್ಲಿ ನಿಂತು ದಾರಿ ಕಾಯುತ್ತಿದ್ದೆ. ದಿಬ್ಬದ ಕೆಳಗೆ ಯಾವುದಾದರೂ ಕಂಬಳಿ ಅಲುಗಿದರೆ ಕೆಮ್ಮಬೇಕು, ಅದು ನಮ್ಮ ಸಿಗ್ನಲ್. ಒಂದು ವರ್ಷ ಭಾವ ದಾರಿಯಲ್ಲೇ ನಿಂತು, "ಏನ್ ಟೀಚರಮ್ಮಾ, ಇಷ್ಟೊತ್ಗೆ ಎದ್ದಿದೀರ? ಕೆಮ್ಮು ಜೋರಾಗೈತೆ?" ಎಂದು ಕೇಳಿದ. ಬಿಸಿನೀರು ಕುಡಿಯಿರಿ, ಮೆಣಸು ಜಗಿಯಿರಿ ಎಂದು ಅಲ್ಲೇ ನಿಂತು ಮದ್ದು ಹೇಳಿದ. ಹಿತ್ತಿಲಲ್ಲಿ ಗುದ್ದಲಿ ಉಸಿರು ಹಿಡಿದುಕೊಂಡಿತ್ತು. ಅವನು ಹೋದ ಮೇಲೆ ಹಿತ್ತಿಲಿಗೆ ಓಡಿದೆ. ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಆ ಗೊಬ್ಬರವನ್ನು ಆಕೆ ತನ್ನ ಮನೆಗೆ ಒಂದು ಹಿಡಿಯನ್ನೂ ಒಯ್ಯಲಿಲ್ಲ. ನಮ್ಮ ಮಾವಿನ ಗಿಡಗಳ ಬುಡಕ್ಕೇ ಹಾಕಿದಳು. ಹಣ್ಣು ಬಿಟ್ಟಾಗ ಮೊದಲನೆಯದನ್ನು ನನ್ನ ಕೈಗೆ ಕೊಟ್ಟು, ನಾನು ಕಚ್ಚುವವರೆಗೂ ಕದಲದೆ ನೋಡುತ್ತ ನಿಂತಿದ್ದಳು.

ಹನ್ನೊಂದನೆಯ ವರ್ಷ ಕೆಡಿಸಿದ್ದು ನಾನು. ಸಂಕ್ರಾಂತಿಯ ಪೊಂಗಲ್ ರಜೆಯಲ್ಲಿ ನನ್ನ ತಂಗಿಯ ಮಗನ ಸಂಸಾರ, ಅವನ ಆಫೀಸಿನವರು, ಒಟ್ಟು ಹನ್ನೆರಡು ಜನ, ಹೊಗೆನಕಲ್ ನೋಡಿಕೊಂಡು ಕಾಟೇಜಿಗೆ ಬಂದಿಳಿದರು. ಅಲ್ಲಿ ತೆಪ್ಪದಲ್ಲಿ ನೆನೆದು, ಮೀನು ತಿಂದು ಬಂದವರು. ಆಕೆ ಆ ದಿನ ಮೇಚೇರಿ ಸಂತೆಗೆ ಹೋಗಿದ್ದಳು. ಅತಿಥಿಗಳಲ್ಲಿ ಒಬ್ಬ ಹುಡುಗಿ ಟಾಯ್ಲೆಟ್ಟಿನಿಂದ ಮೂಗು ಮುಚ್ಚಿಕೊಂಡು ಬಂದು, ತುಂಬ ಪೊಲೈಟಾಗಿ, "ಆಂಟಿ, ಈಸ್ ಇಟ್ ಹೈಜೀನಿಕ್?" ಎಂದು ಕೇಳಿದಳು. ನಿಜಕ್ಕೂ ವಾಸನೆಯೇನೂ ಇರಲಿಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು. ಕಾನ್ವೆಂಟಿನ ಹುಡುಗಿ ಒಳಗಿನಿಂದ ಎದ್ದು ಬಂದಳು. ಅವರೆಲ್ಲ ಊಟಕ್ಕೆ ಕೂತಿರುವಾಗ ನಾನು ಒಂದು ಬಾಟಲಿ ಫಿನಾಯಿಲ್ ಸುರಿದೆ, ಅದರ ಮೇಲೆ ಮೂರು ಬಕೆಟ್ ನೀರು. ಸಂಜೆಯ ಹೊತ್ತಿಗೆ ಉಳಿದವರೂ ಚೊಂಬುಗಟ್ಟಲೆ ಸುರಿದಿರಬೇಕು.

ಮಾರನೆಯ ದಿನ ಅವರು ಹೋದ ಮೇಲೆ ಆಕೆ ಬಂದಳು. ಮುಚ್ಚಳ ತೆಗೆದು ಒಂದು ಸಲ ಬಗ್ಗಿ ನೋಡಿದಳು.

"ಯಾರು ಕೊಂದಿದ್ದು?"

ಕೊಂದಿದ್ದು ಎಂಬ ಮಾತೇ. ನಾನು ತಲೆ ತಗ್ಗಿಸಿದೆ. "ಫಿನಾಯಿಲ್ ಹಾಕಿದೆ" ಎಂದೆ.

"ಇಷ್ಟ್ ಓದಿ!" ಎಂದಳು, ಅಷ್ಟೇ.

ಎರಡು ದಿನದಲ್ಲಿ ಗಬ್ಬು ವಾಸನೆ ಎದ್ದಿತು. ಮೂರನೆಯ ದಿನ ಗೂಡಿನ ಬಾಗಿಲ ಸಂದಿಯಿಂದ ಕಪ್ಪು ನೀರು ಜಿನುಗಿ ಇಳಿಜಾರು ಹಿಡಿಯಿತು. ಇಳಿಜಾರಿನ ಕೊನೆಗೆ ಕುರಿಗಳು ನೀರು ಕುಡಿಯುವ ತೊಟ್ಟಿ. ಮುಂಜಾನೆಯವರೆಗೆ ಕಾಯುವಂತಿರಲಿಲ್ಲ. ಆಕೆ ಸೀರೆ ಎತ್ತಿಕಟ್ಟಿ, ಹಳೆಯ ಗೂಡಿನಲ್ಲಿ ಹಣ್ಣಾಗಿದ್ದ ಒಣಗೊಬ್ಬರವನ್ನು ಹೊರಗೆ ಗುಡ್ಡೆ ಹಾಕಿ, ಅದನ್ನೇ ಬಾಚಿ ಬಾಚಿ ಆ ಹಸಿ ರೊಚ್ಚೆಯ ಮೇಲೆ ಎರಚತೊಡಗಿದಳು. ಹೊತ್ತು ನೆತ್ತಿಗೇರಿತ್ತು. ನಾನು ವರಾಂಡದಲ್ಲಿ ನಿಂತು ದಾರಿ ನೋಡುತ್ತಿದ್ದೆ. ಆದರೆ ಭಾವ ಬಂದದ್ದು ದಾರಿಯಿಂದಲ್ಲ, ತೊಟ್ಟಿಯ ಕಡೆಯಿಂದ, ವಾಸನೆಯ ಜಾಡು ಹಿಡಿದು. ನಾನು ಕೆಮ್ಮುವಷ್ಟರಲ್ಲಿ ಅವನು ಹಿತ್ತಿಲಲ್ಲಿ ನಿಂತಿದ್ದ.

"ಏನಮ್ಮೀ ಇದು ಅಸಿಂಗ, ಈ ಗಲೀಜು?" ಎಂದ. ಆಕೆ ಮಂಕರಿ ಹಿಡಿದು ಹಾಗೇ ನಿಂತಳು. ಅವನ ಕಣ್ಣು ರೊಚ್ಚೆಯಿಂದ ಪಕ್ಕದ ಗುಡ್ಡೆಗೆ ಹೋಯಿತು. ಬಗ್ಗಿ ಒಂದು ಹಿಡಿ ತೆಗೆದ. ಹೆಬ್ಬೆರಳಲ್ಲಿ ಉಜ್ಜಿದ, ಮೂಗಿಗೆ ಹಿಡಿದ. ಮುಖ ಕೆಂಪಾಯಿತು.

"ಇದು ನಮ್ ಪಟ್ಟಿ ಗೊಬ್ರ ಅಲ್ವಾ? ಎಲ್ಡು ಮಳೆ ಕಂಡಿರೋದು. ಬಂಗಾರದಂಥಾ ಕುರಿಗೊಬ್ರಾನ ತಂದು ಈ ಪ್ಯಾಟೆಯೋರ ಹೇಲಿನ್ ಮೇಲೆ ಸುರೀತಾ ಇದೀಯಲ್ಲ, ಬುದ್ಧಿ ಐತಾ ನಿಂಗೆ?"

ನನ್ನ ಎದೆ ಹಗುರಾಯಿತು. ಎಂದೂ ತಪ್ಪದ ಮೂಗು ತಪ್ಪಿತ್ತು. ಹೌದು ಭಾವ, ತಪ್ಪಾಯ್ತು ಅಂದುಬಿಡು, ಬೈಸಿಕೊಂಡು ಮುಗಿಸು, ಎಂದು ಕಣ್ಣಲ್ಲೇ ಬೇಡಿದೆ. ಆಕೆ ನನ್ನ ಕಡೆ ನೋಡಲಿಲ್ಲ. ಭಾವನ ಕೈಯನ್ನೇ ನೋಡುತ್ತಿದ್ದಳು.

"ಅದು ನಮ್ ಕುರೀದಲ್ಲ ಭಾವ."

"ಮತ್ತೆ?"

"ಈ ಗೂಡಿಂದು. ನಾನೇ ತೆಗ್ದಿದ್ದು. ಎಲ್ಲಾ ವರ್ಸಾನೂ ನಾನೇ ತೆಗ್ಯೋದು." ಗದ್ದದಿಂದಲೇ ಅವನ ಮುಷ್ಟಿ ತೋರಿಸಿದಳು. "ಆ ಕೈಲಿ ನೀನು ದ್ಯಾವ್ರ ಆಲು ಕರೀಬೇಕು. ಏಳ್ದೆ ಎಂಗಿರ್ಲಿ?"

ಅವನ ಮುಷ್ಟಿ ಮುಚ್ಚಲೂ ಇಲ್ಲ, ಬಿಚ್ಚಲೂ ಇಲ್ಲ. ಕುರಿಗಳು ತೊಟ್ಟಿಯ ಬಳಿ ಒಂದನ್ನೊಂದು ಕರೆಯುತ್ತಿದ್ದವು. ಕೊನೆಗೆ ಅವನು ತಿರುಗಿದ್ದು ನನ್ನ ಕಡೆಗೆ.

"ಸೇಲಂನಿಂದ ಆಳು ಬರ್ತಾನೆ ಅಂದ್ರಿ."

ನಾನು ಟಾಯ್ಲೆಟ್ಟಿನ ಬಾಗಿಲಲ್ಲಿ ತೂಗುತ್ತಿದ್ದ ನನ್ನ ಇಂಗ್ಲಿಷ್ ಹಾಳೆಯ ಕಡೆ ನೋಡಿದೆ.

"ಓಗ್ಲಿ. ನೀವು ಮುಟ್ಟಿದೀರಾ ಟೀಚರಮ್ಮಾ? ಒಂದ್ ಕಿತ?"

"ಇಲ್ಲ" ಎಂದೆ.

ಅವನು ತಲೆಯಾಡಿಸಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈಯನ್ನು ಮರಳಿಗೆ ಒರೆಸಿ, ಕಂಬಳಿ ಹೆಗಲಿಗೆ ಹಾಕಿಕೊಂಡು, ಆಕೆಯ ಮುಖ ನೋಡದೆ ಹೇಳಿದ: "ನಿಮ್ದೇ ನೀವು ಮುಟ್ಟಲ್ಲ. ಇವ್ಳು ಮುಟ್ಬೇಕು. ಈ ಸಲ ಮಡಕೆ ಇವ್ಳ ಓರಗಿತ್ತಿ ಇಡ್ಲಿ, ಚಿಕ್ಕವಳು."

ಅವನು ಇಳಿದು ಹೋದ. ನಾನು ಮೆಟ್ಟಿಲಿಳಿದು ಬಂದು ಗುದ್ದಲಿಗೆ ಕೈ ಹಾಕಿದೆ. ಆಕೆ ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ಬಿಡಿ, ಈಗ್ ನೀವು ಬಗ್ಗಿ ಸೊಂಟ ಇಡ್ಕಂಡ್ರೆ ಅದ್ಕೂ ನಾನೇ ಎಣ್ಣೆ ತಿಕ್ಬೇಕು." ಮುಖದಲ್ಲಿ ನಗು ಇರಲಿಲ್ಲ. ಕಪ್ಪು ನೀರು ನಿಲ್ಲುವವರೆಗೂ ಒಬ್ಬಳೇ ಕೆಲಸ ಮಾಡಿದಳು. ತೊಟ್ಟಿಗೆ ಒಂದು ಹನಿಯೂ ಸೇರಲಿಲ್ಲ.

ವಾರ ಕಳೆದು, ಹಳೆಯ ಗೂಡಿನಲ್ಲಿ ಉಳಿದಿದ್ದ ಗೊಬ್ಬರವನ್ನು ನಾನೇ ತೆಗೆದೆ. ಸೇಲಂನಿಂದ ರಬ್ಬರ್ ಗ್ಲೌಸ್ ತರಿಸಿದ್ದೆ. ಆಕೆ ಹತ್ತು ಮಾರು ದೂರದಲ್ಲಿ ಕೂತು, "ಕೈಗೆ ಸಾಕ್ಸ್ ಆಕ್ಕಂಡ್ರೆ ಮಣ್ಣು ಎಂಗ್ ಗೊತ್ತಾಯ್ತದೆ?" ಎಂದಳು. ಬಿಚ್ಚಿದೆ. ಕಣ್ಣು ಮುಚ್ಚಿಕೊಂಡು ಕೈ ಒಳಗೆ ಹಾಕಿದೆ. ತಂಪಾಗಿತ್ತು, ಉದುರುದುರಾಗಿತ್ತು. ಹನ್ನೊಂದು ವರ್ಷ ಆಕೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅದನ್ನು ಹೇಳಲು ತಿರುಗಿದರೆ ಆಕೆ ಎದ್ದು ಹೋಗಿದ್ದಳು.

ಮಾಸಿಯ ಪೊಂಗಲ್ಲಿಗೆ ನನ್ನನ್ನು ಪ್ರತಿ ವರ್ಷ ಕರೆಯುತ್ತಿದ್ದರು, ಆ ವರ್ಷವೂ ಕರೆದರು. ಹೋಗಿ ಮೊದಲು ಭಾವನ ಮುಂದೆ ನಿಂತೆ. "ನಾನೂ ಮುಟ್ಟಿದೆ. ಉಳಿದದ್ದನ್ನು ನಾನೇ ಪೂರ್ತಿ ತೆಗೆದೆ" ಎಂದೆ. ಏನೋ ಕನ್ಫೆಷನ್ ಮಾಡಿದಂತೆ, ಪಾಪ ಕಳೆದುಬಿಡುತ್ತದೆ ಎಂಬಂತೆ. ಅವನು ಸುತ್ತ ನೋಡಿ, "ಮೆತ್ಗೆ ಮಾತಾಡಿ. ಕುರ್ಚಿ ಆಕವ್ರೆ, ಕೂತ್ಕಳಿ" ಎಂದ. ಆಗ ನನಗೆ ಅರ್ಥವಾಯಿತು: ಮಡಕೆ ಯಾಕೆ ಕೈ ಬದಲಾಯಿತು ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹಾಲನ್ನೂ ಆ ವರ್ಷ ಅವನು ಕರೆಯಲಿಲ್ಲ. ಬೆರಳು ನೋವು ಎಂದು ಹೇಳಿ ತಮ್ಮನೊಬ್ಬನ ಕೈಯಲ್ಲಿ ಕರೆಸಿದ.

ಆಕೆ ಬಂದಿದ್ದಳು. ಬೇಲಿಯ ಹತ್ತಿರ, ಹೆಂಗಸರ ಕೊನೆಯ ಸಾಲಿನಲ್ಲಿ, ಹಳೆಯ ಹಸಿರು ಸೀರೆ ಉಟ್ಟು ಕೂತಿದ್ದಳು. ಒಲೆಯ ಮುಂದೆ ಚಿಕ್ಕ ಓರಗಿತ್ತಿ. ಪಾಪ, ಸೌದೆಯ ಮೇಲೆ ಸೌದೆ ಒಟ್ಟುತ್ತಿದ್ದಳು. ಕುರಿಯ ಹಾಲು ಗಟ್ಟಿ, ಬೇಗ ತಳ ಹಿಡಿಯುತ್ತದೆ. ಉಕ್ಕುವ ಮುಂಚೆ ಸೀದರೆ ಆ ವರ್ಷ ಮಂದೆಗೆ ಒಳ್ಳೆಯದಲ್ಲ ಎಂದು ಅವರ ನಂಬಿಕೆ. ಮೊದಲು ಒಂದು ಸಣ್ಣ ಕಮಟು ವಾಸನೆ ಬಂತು. ಮಾತಾಡುತ್ತಿದ್ದವರೆಲ್ಲ ಕತ್ತೆತ್ತಿ ಒಲೆಯ ಕಡೆ ನೋಡಿದರು.

"ಯಾರಾರ ಬೆಂಕಿ ಈಚೆಗ್ ಎಳೀರಲಾ" ಎಂದ ಭಾವ, ಮಡಕೆಯನ್ನೇ ನೋಡುತ್ತ.

ಇಪ್ಪತ್ತು ಹೆಂಗಸರಿದ್ದರು, ಎಲ್ಲರೂ ಒಲೆಯ ಮುಂದೆಯೇ ಬದುಕು ಸವೆಸಿದವರು. ಒಬ್ಬಳೂ ಏಳಲಿಲ್ಲ. ಚಿಕ್ಕವಳು ಸೆರಗು ಬಾಯಿಗಿಟ್ಟುಕೊಂಡು ಬೇಲಿಯ ಕಡೆ ತಿರುಗಿದಳು. ಎಲ್ಲರೂ ತಿರುಗಿದರು. ಭಾವನೊಬ್ಬ ತಿರುಗಲಿಲ್ಲ. ವಾಸನೆ ಇನ್ನೊಂದು ಸುತ್ತು ಬಂತು. ಅವನ ದವಡೆ ಬಿಗಿಯುವುದು ನನಗೆ ಕುರ್ಚಿಯಿಂದಲೇ ಕಾಣುತ್ತಿತ್ತು.

"ಏನಮ್ಮೀ," ಎಂದು ಗದರಿದ, ಮನೆಯಲ್ಲಿ ದಿನಾ ಗದರುವಂತೆ, "ಕಣ್ ಕಾಣಲ್ವಾ ನಿಂಗೆ? ಆಲು ಸೀಯ್ತಾ ಐತೆ!"

ಆಕೆ ತಕ್ಷಣ ಏಳಲಿಲ್ಲ. ಬಿಚ್ಚಿದ್ದ ಮುಡಿಯನ್ನು ಗಂಟು ಹಾಕಿದಳು, ನಿಧಾನಕ್ಕೆ, ಅಷ್ಟು ಜನ ಕಾಯುತ್ತಿರುವಾಗ. ಆಮೇಲೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾಲಿನ ನಡುವೆ ನಡೆದು ಬಂದಳು. ಎರಡು ಕೊಳ್ಳಿ ಎಳೆದು ಆಚೆಗೆಸೆದಳು. ಬರಿಗೈಯಲ್ಲಿ ಮಡಕೆಯ ಕಂಠ ಹಿಡಿದು, ಹಾಲು ಪೂರ್ವಕ್ಕೆ ಉಕ್ಕುವಂತೆ ತಿರುಗಿಸಿದಳು.

ಕೆಲವೇ ದಿನಗಳಲ್ಲಿ ನಾನು ಸೇಲಂನ ಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡೆ, ಮತ್ತೆ ಆ ದಿಬ್ಬ ಹತ್ತಲಾಗಲಿಲ್ಲ. ಹಾಗಾಗಿ ನಾನು ಆಕೆಯನ್ನು ಕಡೆಯ ಸಲ ಕಂಡದ್ದು ಆ ಪೊಂಗಲ್ಲಿನ ದಿನವೇ. ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು, ಬೆನ್ನು ನಮ್ಮ ಕಡೆಗೆ. ಅಷ್ಟರಲ್ಲಿ ಭಾವ ಬಂದು ಎಲ್ಲರಿಗಿಂತ ಮುಂದೆ, ಆಕೆಯ ಕೈ ಎಟುಕುವಲ್ಲಿ, ನೆಲದ ಮೇಲೆ ಕೂತು, ತನ್ನ ಎಲೆಯನ್ನು ತಾನೇ ಹಾಸಿಕೊಂಡ.